ತಂಗಿಯ ಓತಿಕ್ಯಾತಕ್ಕೆ ಹೊಟ್ಟೆ ಕಟ್ಟಿದ್ದು

ನನ್ನ ತಂಗಿ ಸಾಕಿದ ಓತಿಕ್ಯಾತಕ್ಕೆ ಗಡ್ಡವಿದೆ, ನನಗಿಲ್ಲ. ಆ ಪ್ರಾಣಿ ಮನೆಗೆ ಬಂದ ದಿನದಿಂದ ಈ ವ್ಯತ್ಯಾಸವನ್ನು ಎಲ್ಲರೂ ತಪ್ಪದೆ ನೆನಪಿಸುತ್ತಾರೆ. ಆಸ್ಟ್ರೇಲಿಯಾದ ಮರುಭೂಮಿಯ ಜಾತಿಯಂತೆ, ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಸಿಕ್ಕಿದ್ದು. ಸಿಟ್ಟು ಬಂದರೆ ಗಂಟಲ ಕೆಳಗಿನ ಮುಳ್ಳುಚರ್ಮವನ್ನು ಉಬ್ಬಿಸಿ ಕಪ್ಪು ಮಾಡಿಕೊಳ್ಳುತ್ತದೆ. ನಮ್ಮಪ್ಪನೂ ಗಿರಾಕಿ ಬರಿಗೈಲಿ ಹೋದಾಗ ಹೆಚ್ಚುಕಡಿಮೆ ಹಾಗೇ ಕಾಣುತ್ತಾನೆ. ಇಬ್ಬರ ನಕಲಿಯನ್ನೂ ನಾನು ಚೆನ್ನಾಗಿ ಮಾಡುತ್ತೇನೆ.

ತಂಗಿ ಓದುವುದು ಹಾವೇರಿಯಲ್ಲಿ. ಪರೀಕ್ಷೆ ಹತ್ತಿರ ಬಂತೆಂದು ಹಾಸ್ಟೆಲ್ಲಿಗೆ ಹೋಗಿ ಉಳಿದಳು. ಓತಿಕ್ಯಾತ ರಾಣೆಬೆನ್ನೂರಿನ ಮನೆಯಲ್ಲಿ, ನನ್ನ ಸುಪರ್ದಿಯಲ್ಲಿ. ಹೋಗುವಾಗ ಒಂದು ಹಾಳೆಯ ತುಂಬ ನಿಯಮ ಬರೆದು ಗಾಜಿನ ಪೆಟ್ಟಿಗೆಗೆ ಅಂಟಿಸಿದ್ದಳು. ಕೆಳಗೆ ಪೇಪರ್ ಮಾತ್ರ ಹಾಸಬೇಕು. ರೇಷ್ಮೆ ಹುಳುಗಳನ್ನು ತಟ್ಟೆಯಲ್ಲಿಟ್ಟೇ ಕೊಡಬೇಕು. ಹಗಲು ಬಲ್ಬು ಆರಿಸಬಾರದು, ಬಿಸಿ ಇಲ್ಲದಿದ್ದರೆ ಅದಕ್ಕೆ ಅರಗುವುದಿಲ್ಲ. ಅದನ್ನು ಅವಳದೇ ಮೂಗಿನ ದನಿಯಲ್ಲಿ ಅವ್ವನಿಗೆ ಓದಿ ತೋರಿಸಿ ನಗಿಸಿದೆ. ಪಾಲಿಸುವ ವಿಷಯ ಬೇರೆ.

ಮರುಭೂಮಿಯ ಪ್ರಾಣಿ ಹಳೇ ಪೇಪರಿನ ಮೇಲೆ, ಚಿನ್ನದ ಅಂಗಡಿಯ ಜಾಹೀರಾತಿನ ಮೇಲೆ ಮಲಗುವುದು ನನ್ನ ಕಣ್ಣಿಗೆ ಹಿಡಿಸಲಿಲ್ಲ. ರೀಲ್ಸ್‌ನಲ್ಲಂತೂ ದರಿದ್ರವಾಗಿ ಕಾಣುತ್ತಿತ್ತು. ಬೇರೆಯವರಾಗಿದ್ದರೆ ಮರಳು ತರುತ್ತಿದ್ದರು. ನಾವು ಬೀಜದ ಅಂಗಡಿಯವರು. ಮರಳೆಂದರೆ ನಮಗೆ ಕಸ. ಅಪ್ಪ ಜರಡಿ ಹಿಡಿದನೆಂದರೆ ಒಂದು ಹುಲ್ಲುಕಡ್ಡಿಯೂ ಕೆಳಗೆ ಇಳಿಯುವುದಿಲ್ಲ, ತನ್ನ ಬೀಜ ಊರವರು ಉಣ್ಣುವ ಅಕ್ಕಿಗಿಂತ ಸ್ವಚ್ಛ ಎಂದು ದಿನಕ್ಕೆ ನಾಲ್ಕು ಸಲವಾದರೂ ಹೇಳುತ್ತಾನೆ. ಔಷಧಿ ಹಚ್ಚದ ಸಜ್ಜೆಯನ್ನು ಅಂಗಡಿಯಿಂದ ತಂದು ಪೆಟ್ಟಿಗೆಯ ತುಂಬ ಎರಡು ಬೆರಳು ದಪ್ಪ ಹಾಸಿದೆ. ಹುಳುಗಳನ್ನು ಅದರ ಮೇಲೇ ಎರಚಿದೆ. ಓತಿಕ್ಯಾತ ಹಾರಿ ಹಾರಿ ಹಿಡಿಯಿತು. ವಿಡಿಯೋ ಭರ್ಜರಿಯಾಗಿ ಬಂತು, ಪರೀಕ್ಷೆಯ ಗಡಿಬಿಡಿಯಲ್ಲಿದ್ದ ತಂಗಿ ರೀಲ್ಸ್ ನೋಡುವುದಿಲ್ಲವೆಂಬ ಧೈರ್ಯವೂ ಇತ್ತು. ಅದರ ಅಂಟು ನಾಲಿಗೆಗೆ ಪ್ರತಿ ಸಲವೂ ಹತ್ತಿಪ್ಪತ್ತು ಕಾಳು ಮೆತ್ತಿಕೊಂಡು ಒಳಗೆ ಹೋಗುತ್ತಿದ್ದುದು ಅದೇ ವಿಡಿಯೋದಲ್ಲಿ ಸ್ಪಷ್ಟವಾಗಿದೆ. ನಾನು ನೋಡಿದ್ದು ಲೈಕುಗಳನ್ನು.

ಮೂರು ದಿನ ಪೆಟ್ಟಿಗೆಯಲ್ಲಿ ಹಿಕ್ಕೆ ಬೀಳಲಿಲ್ಲ. ಬಳಿಯುವ ಕೆಲಸ ತಪ್ಪಿತೆಂದು ಖುಷಿಪಟ್ಟ ಜಾಣ ನಾನು. ಐದನೆಯ ದಿನ ಹುಳು ಮೂಗಿಗೆ ತಾಗಿಸಿದರೂ ಬಾಯಿ ತೆರೆಯಲಿಲ್ಲ. ಹೊಟ್ಟೆ ಗಟ್ಟಿಯಾಗಿತ್ತು. ಎಡ ಹಿಂಗಾಲನ್ನು ಎಳೆದುಕೊಂಡು ನಡೆಯುತ್ತಿತ್ತು.

ಆಮೇಲೆ ಮನೆಯಲ್ಲಿ ವೈದ್ಯರಿಗೆ ಬರ ಬರಲಿಲ್ಲ. ದೃಷ್ಟಿ ತಾಗಿದೆ ಎಂದು ಅಜ್ಜಿ ತೀರ್ಪು ಕೊಟ್ಟು, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟು ಬಂದರೆ ದೃಷ್ಟಿಯಿಲ್ಲ, ಬರದಿದ್ದರೆ ದೃಷ್ಟಿ ಖಾತ್ರಿ ಎಂಬುದು ಅವಳ ಲೆಕ್ಕ. ಆದರೆ ನಮ್ಮ ಮನೆಗೆ ಬರುವುದು ಬ್ಯಾಡಗಿ ಮೆಣಸಿನಕಾಯಿ. ಬಣ್ಣವೇ ಎಲ್ಲ, ಖಾರ ಹೆಸರಿಗೆ ಮಾತ್ರ. ಹಾಗಾಗಿ ನನಗೆ ಬುದ್ಧಿ ಬಂದಾಗಿನಿಂದಲೂ ನಮ್ಮ ಮನೆಯಲ್ಲಿ ಎಲ್ಲರಿಗೂ, ಎಮ್ಮೆಗೂ, ಫ್ರಿಜ್ಜಿಗೂ ದೃಷ್ಟಿ ತಾಗಿಯೇ ಇದೆ.

ಆ ಮೆಣಸಿನಕಾಯಿ ಕಳಿಸುವವನು ಬ್ಯಾಡಗಿಯ ಕಾಕಾ, ಅಪ್ಪನ ತಮ್ಮ. ಅವನಿಗೆ ಜಗತ್ತಿನ ಎಲ್ಲ ರೋಗವೂ ವಾಯು. ಬಂದವನೇ ಇಂಗು ಅರೆಸಿ, ಹೊಕ್ಕಳಿಗೆ ಹಚ್ಚಬೇಕೆಂದು ಓತಿಕ್ಯಾತವನ್ನು ಮಗುಚಿ ಹಾಕಿ, ಕನ್ನಡಕ ಏರಿಸಿ ಹುಡುಕಿದ. ಮೊಟ್ಟೆಯಿಂದ ಬಂದ ಪ್ರಾಣಿಯ ಮೈಮೇಲೆ ಕಾಣುವಂಥ ಹೊಕ್ಕಳು ಎಲ್ಲಿಂದ ಬರಬೇಕು? ಕೊನೆಗೆ ಅಂದಾಜಿನ ಮೇಲೆ ಎಲ್ಲೋ ಹಚ್ಚಿದ. ಅಪ್ಪ ಇದೆಲ್ಲ ಬಲ್ಬಿನ ಉಷ್ಣ ಎಂದು ಬಲ್ಬು ಆರಿಸಿದ. ಹಾಗೆ ಮಾಡಬಾರದೆಂದು ಅಂಟಿಸಿದ್ದ ಹಾಳೆಯಲ್ಲೇ ಇತ್ತು. ನಾನು ತಡೆಯಲಿಲ್ಲ. ಸತ್ತರೆ ಅಪ್ಪನ ಮೇಲೆ ಹಾಕಬಹುದು ಎಂಬ ಹೇಸಿಗೆ ವಿಚಾರ ನನ್ನ ತಲೆಯಲ್ಲಿ ಬಂದು ಕೂತಿತ್ತು.

ಮರುದಿನ ಅದು ತಲೆ ಎತ್ತಲಿಲ್ಲ. ಬೀಜದ ಸ್ಯಾಂಪಲ್ ಡಬ್ಬಿಗೆ ತೂತು ಮಾಡಿ, ಒಳಗೆ ಬಟ್ಟೆ ಸುತ್ತಿ ಮಲಗಿಸಿ ಹಾವೇರಿ ಬಸ್ಸು ಹತ್ತಿದೆ. ಅಲ್ಲಿ ದನದ ಡಾಕ್ಟರೊಬ್ಬರ ಖಾಸಗಿ ದವಾಖಾನೆ ಇದೆ. ಮೊಣಕೈವರೆಗೆ ಕೈಗವಸು ಹಾಕುವ ಮನುಷ್ಯನಿಗೆ ಗೇಣುದ್ದದ ಪ್ರಾಣಿಯ ಬಗ್ಗೆ ಏನು ಗೊತ್ತಿರುತ್ತದೆ ಎಂದು ದಾರಿಯುದ್ದಕ್ಕೂ ಅವರ ನಕಲಿಯನ್ನು ತಯಾರು ಮಾಡಿಕೊಳ್ಳುತ್ತ ಹೋದೆ. ನನ್ನ ಫೋನ್ ಸಿಕ್ಕ ತಂಗಿ ಆ ದಿನದ ಪರೀಕ್ಷೆ ಮುಗಿಸಿ ನೇರ ಅಲ್ಲಿಗೇ ಬಂದಿದ್ದಳು, ಬೆರಳಿಗೆ ಇಂಕು ಹಾಗೇ ಇತ್ತು.

ಡಾಕ್ಟರು ಗಡ್ಡ ನೋಡಲಿಲ್ಲ, ಬಾಲ ನೋಡಲಿಲ್ಲ. ಮೊದಲು ಕೇಳಿದ್ದು ಒಂದೇ ಪ್ರಶ್ನೆ.

“ಕೆಳಗ ಏನ್ ಹಾಸೀರಿ?”

“ಪೇಪರ್ ರೀ,” ಎಂದೆ. ತಂಗಿ ಪಕ್ಕದಲ್ಲೇ ನಿಂತಿದ್ದಳಲ್ಲ.

ಹಾಗಾದರೆ ಥಂಡಿಗೆ ಅರಗದೆ ನಿಂತಿರಬೇಕು, ಬೆಚ್ಚಗಿಟ್ಟು ಎರಡು ದಿನ ನೋಡಿರಿ ಎಂದರು. ಹೊರಗೆ ಬಂದೆವು. ತಂಗಿ ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದಿದ್ದಳು.

“ನೀ ನೋಡ್ಕೊಂಡಿದ್ದಕ್ಕ ಇಷ್ಟರ ಉಳದೈತಿ, ಅಣ್ಣಾ,” ಎಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಅವಳ ಬೈಗುಳವನ್ನು ಅವಳಿಗಿಂತ ಚೆಂದ ಬೈಯಬಲ್ಲೆ. ಡಬ್ಬಿ ಕಸಿದುಕೊಂಡು ಮತ್ತೆ ಒಳಗೆ ನುಗ್ಗಿದೆ.

“ಸಜ್ಜಿ ಹಾಸಿದ್ದೆ ರೀ. ಅದರ ಮ್ಯಾಲೆ ಹುಳ ಹಾಕಿದ್ದೆ.”

“ಸಜ್ಜಿ? ಯಾಕೋ ಮಾರಾಯ?”

“ಚಂದ ಕಾಣಲಿ ಅಂತ.”

ಪ್ಲಾಸ್ಟಿಕ್ ತಿಂದ ಆಕಳಿನ ಮೇಲೂ ಅವರಿಗೆ ಕನಿಕರವಿದ್ದೀತು, ನನ್ನ ಮೇಲೆ ಇರಲಿಲ್ಲ. ಓತಿಕ್ಯಾತದ ಹೊಟ್ಟೆಯ ಕೆಳಗೆ ಎರಡು ಬೆರಳಿಟ್ಟು ಮೆಲ್ಲಗೆ ಸರಿಸಿದರು. ಕಾಳು ನೀರು ಕುಡಿದು ಉಬ್ಬಿ ಗಡ್ಡೆ ಕಟ್ಟಿದೆ, ಅದು ಒತ್ತುವುದಕ್ಕೇ ಕಾಲು ಎಳೆಯುತ್ತಿದೆ ಎಂದರು. ಎರಡು ದಿನ ಕಾದಿದ್ದರೆ ಮುಗಿಯುತ್ತಿತ್ತು. ಸಂಜೆಯೊಳಗೆ ಜಾರದಿದ್ದರೆ ಹೊಟ್ಟೆ ಕೊಯ್ಯಬೇಕು, ಅದಕ್ಕೆ ದೊಡ್ಡ ಊರಿಗೇ ಒಯ್ಯಬೇಕು, ಅಲ್ಲಿಯವರೆಗೆ ತಡೆಯುತ್ತದೋ ಇಲ್ಲವೋ ಹೇಳಲಾರೆ ಎಂದರು. ತಂಗಿ ನನ್ನ ಕಡೆ ನೋಡಲಿಲ್ಲ. ಉಗುರುಬೆಚ್ಚಗಿನ ನೀರಿನ ಬೋಗುಣಿಯಲ್ಲಿ ಅದರ ಎದೆ ಮುಳುಗುವಷ್ಟು ಮಾತ್ರ ಇಳಿಸಿ, ಡಾಕ್ಟರು ತೋರಿಸಿದ ಹಾಗೆ ಒಂದು ಬೆರಳಿನಿಂದ ಬಾಲದ ಕಡೆಗೆ ನೀವುತ್ತ ಕುಳಿತಳು. ನೀರು ಆರಿದಂತೆಲ್ಲ ಬದಲಿಸುವುದು ನನ್ನ ಕೆಲಸ. ಎಷ್ಟು ಸಲ ತಂದೆನೋ. ನಡುವೆ ಎರಡು ಎಮ್ಮೆ, ಒಂದು ಹೋರಿ ಬಂದು ತಮ್ಮ ಕೆಲಸ ಮುಗಿಸಿಕೊಂಡು ಹೋದವು. ಅವುಗಳ ಮಾಲೀಕರು ಬೋಗುಣಿಯಲ್ಲಿ ಇಣುಕಿ, ನಮ್ಮಿಬ್ಬರ ಮುಖ ನೋಡಿ, ಏನೂ ಕೇಳದೆ ಹೋದರು. ನಾನಾಗಿದ್ದರೆ ಒಂದು ವಾರಕ್ಕಾಗುವಷ್ಟು ನಗೆ ಹೊರಡಿಸುತ್ತಿದ್ದೆ.

ನಾಲ್ಕು ಗಂಟೆಯ ಸುಮಾರಿಗೆ ಓತಿಕ್ಯಾತ ಬಾಲ ಎತ್ತಿತು. ಮೈಯೆಲ್ಲ ಬಿಗಿ ಹಿಡಿಯಿತು. ಬೂದು ಬಣ್ಣದ ಗಡ್ಡೆಯೊಂದು ಹೊರಬಿದ್ದು ನೀರಿನಲ್ಲಿ ಬಿಚ್ಚಿಕೊಂಡಿತು. ಅದರ ತುಂಬ ಕಾಳು. ತಂಗಿ ಬಿಕ್ಕಿ ಬಿಕ್ಕಿ ಅತ್ತಳು. ಡಾಕ್ಟರು, ಇನ್ನೂ ಒಳಗಿರುತ್ತದೆ, ನಾಲ್ಕು ದಿನ ಹೀಗೇ ನೀರಿಗಿಳಿಸಿರಿ, ಬಲ್ಬು ಆರಿಸಬೇಡಿರಿ ಎಂದು ಹೇಳಿ ಕೈ ತೊಳೆಯಲು ಹೋದರು.

ಮನೆಗೆ ಫೋನ್ ಮಾಡಿ ಎಲ್ಲವನ್ನೂ ಒಪ್ಪಿಕೊಂಡೆ. ಅಜ್ಜಿ, ತಾನು ನಿವಾಳಿಸಿದ್ದು ಈಗ ಕೆಲಸ ಮಾಡಿತು ಎಂದಳು. ಅಪ್ಪ ಫೋನ್ ತೆಗೆದುಕೊಂಡು ಒಂದೇ ಮಾತು ಕೇಳಿದ: “ಮೊಳಕಿ ಒಡದಿದ್ವೇನು?” ತಂಗಿ ನನ್ನ ಕೈಯಿಂದ ಫೋನ್ ಕಿತ್ತು ಕಟ್ ಮಾಡಿದಳು.

ಅವಳಿಗೆ ಇನ್ನೂ ಎರಡು ಪರೀಕ್ಷೆ ಬಾಕಿ ಇದ್ದವು. ಹಾಸ್ಟೆಲ್ಲಿನವರು ಓತಿಕ್ಯಾತವನ್ನು ಒಳಗೆ ಬಿಡುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಬೇರೆ ದಾರಿಯಿಲ್ಲದೆ ಡಬ್ಬಿಯನ್ನು ಮತ್ತೆ ನನ್ನ ಕೈಗೇ ಕೊಡಬೇಕಾಯಿತು. ಕೊಡುವ ಮೊದಲು ಎರಡು ಸಲ ಹಿಂದಕ್ಕೆ ಎಳೆದುಕೊಂಡಳು.