ಬಿಸಿಲು ಬೀಳದ ಕಡೆಯ ಹುಳ

ರತ್ನಾ, ನೀನು ಹೇಳಿದ್ದು ನಿಜವೆಂದು ಆ ಹೊತ್ತಿಗೇ ನನಗೆ ಗೊತ್ತಿತ್ತು. ಗೊತ್ತಿದ್ದೂ ನಿನ್ನನ್ನು ನಗೆಪಾಟಲು ಮಾಡಿದೆ.

ಅವತ್ತು ರಥಸಪ್ತಮಿ. ಮಕ್ಕಳೆಲ್ಲ ತಲೆಯ ಮೇಲೆ ಎಕ್ಕದೆಲೆ ಇಟ್ಟುಕೊಂಡು ಮಿಂದು ಬಂದಿದ್ದಿರಿ. ನಮ್ಮ ನರಸೀಪುರದ ಶಾಲೆಯಂಗಳದಲ್ಲಿ ಸೂರ್ಯನಮಸ್ಕಾರ ಮುಗಿದಿತ್ತು. ಶಾಲಾ ಸಮಿತಿಯ ಅಧ್ಯಕ್ಷರು ಮೈಕು ಹಿಡಿದು, "ಸೂರ್ಯನಿಲ್ಲದ ಕಡೆ ಒಂದು ಹುಳವೂ ಬದುಕದು" ಎಂದರು. ವಿಜ್ಞಾನದ ಮೇಷ್ಟ್ರು ನಾನು — ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ. ಸೋಸಲೆಯಿಂದ ಬಸ್ಸಿನಲ್ಲಿ ಬರುತ್ತಿದ್ದ, ಒಂಬತ್ತನೇ ಕ್ಲಾಸಿನ ನೀನು ಎದ್ದು ನಿಂತೆ.

"ಸಾ, ಸಮುದ್ರದ ತಳದಲ್ಲಿ ಬಿಸ್ನೀರಿನ ಬುಗ್ಗೆ ಅವಂತೆ. ಅಲ್ಲಿ ಬಿಸ್ಲೇ ಬೀಳಲ್ಲ, ಆದ್ರೂ ಉಳ ಅವಂತೆ. ಗುರುಗ್ರಹದ ಒಂದು ಚಂದ್ರನಲ್ಲೂ ಮಂಜುಗಡ್ಡೆ ಕೆಳ್ಗೆ ನೀರದಂತೆ. ಅಲ್ಲೂ ಇರ್ಬೋದಲ್ವಾ ಸಾ?"

ನೀನು ಇದನ್ನು ಓದಿದ್ದು ವಾಚನಾಲಯದ ಪತ್ರಿಕೆಯ ಲೇಖನದಲ್ಲಿ; ಅದನ್ನು ನಾನು ನಿನಗಿಂತ ಮೊದಲೇ ಓದಿದ್ದೆ. ಬುಗ್ಗೆಯಿಂದ ಬರುವ ಗಂಧಕದ ಅನಿಲದಿಂದಲೇ ಬ್ಯಾಕ್ಟೀರಿಯಾಗಳು ಅನ್ನ ಮಾಡಿಕೊಳ್ಳುತ್ತವೆ, ಅವುಗಳ ಆಸರೆಯಲ್ಲಿ ಹುಳುಗಳು — ಇಷ್ಟು ಹೇಳಿದ್ದರೆ ಸಾಕಿತ್ತು. ಆದರೆ ಅಧ್ಯಕ್ಷರು ನನ್ನ ಮುಖ ನೋಡಿದರು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ — ಬೇಡ, ಅದನ್ನು ನೆಪ ಮಾಡಿಕೊಳ್ಳುವುದಿಲ್ಲ.

"ಹುಳ ಇರೋದು ನಿನ್ನ ತಲೇಲಿ. ಕೂತ್ಕೊ!" ಎಂದೆ.

ಅಂಗಳವೆಲ್ಲ ಗೊಳ್ಳೆಂದಿತು. ಅಂದಿನಿಂದ ನೀನು 'ಹುಳದ ರತ್ನ'. ಕ್ಲಾಸಿನಲ್ಲಿ ಮತ್ತೆ ಕೈ ಎತ್ತಲಿಲ್ಲ. ಸೈನ್ಸ್ ಬೇಡವೆಂದು ನಂಜನಗೂಡಿನಲ್ಲಿ ಆರ್ಟ್ಸ್ ಸೇರಿದೆಯೆಂದು ಕೇಳಿದಾಗ ನನಗೆ ಕಾರಣ ಗೊತ್ತಿತ್ತು — ಬಾಯಿಬಿಟ್ಟರೆ ಬಣ್ಣಗೇಡು ಎಂದು ಸುಮ್ಮನಿದ್ದೆ.

ಈಗ ನಿನ್ನ ಮಗಳು ನನ್ನ ಕ್ಲಾಸಿನಲ್ಲಿದ್ದಾಳೆ. ಮೊನ್ನೆ ಆಹಾರ ಸರಪಳಿಯ ಪಾಠ. ರೂಢಿಯಂತೆ ಬೋರ್ಡಿನ ಮೇಲೆ ಮೊದಲು ಸೂರ್ಯನನ್ನು ಬರೆದೆ. ಅವಳು ಏನೋ ಕೇಳಲು ಬಾಯಿ ತೆರೆದು ಮುಚ್ಚಿಕೊಂಡಳು. "ಕೇಳವ್ವ" ಎಂದೆ.

"ಬ್ಯಾಡಿ ಸಾ. ಯಾರನ್ನಾದ್ರೂ ಕೇಳು, ಆ ಸಾರ್ನ ಮಾತ್ರ ಕೇಳ್ಬ್ಯಾಡ ಅಂತ ನಮ್ಮವ್ವ ಯೋಳದೆ."

ನಾಚಿಕೆಯಾಯಿತು, ರತ್ನಾ. ಕೈಯಲ್ಲಿದ್ದ ಚಾಕ್‌ಪೀಸ್ ಕೆಳಗಿಟ್ಟು ಕುರ್ಚಿಯಲ್ಲಿ ಕೂತುಬಿಟ್ಟೆ.

ನಾಳೆ ರಥಸಪ್ತಮಿ. ಈ ಸಲ ಭಾಷಣ ನನ್ನದು. ಸಮುದ್ರದಡಿಯ ಬುಗ್ಗೆಗಳ ವಿಚಾರ ಹೇಳುತ್ತೇನೆ. ಗುರುಗ್ರಹದ ಆ ಚಂದ್ರನಲ್ಲಿ ಜೀವವಿದೆಯೋ ಇಲ್ಲವೋ ಇನ್ನೂ ಯಾರಿಗೂ ಗೊತ್ತಿಲ್ಲ, ಹುಡುಕುತ್ತಿದ್ದಾರೆ ಎಂದೂ ಹೇಳುತ್ತೇನೆ. ಈ ಅಂಗಳದಲ್ಲಿ ಅದನ್ನು ಮೊದಲು ಕೇಳಿದವಳು ಸೋಸಲೆಯ ರತ್ನ, ಅವಳ ಬಾಯಿ ಮುಚ್ಚಿಸಿದವನು ನಾನು — ಅದನ್ನೂ, ನಿನ್ನ ಮಗಳ ಎದುರಿಗೇ.

ಮಕ್ಕಳು ನಗುತ್ತಾರೆ. ಈ ಸಲ ನನ್ನನ್ನು ನೋಡಿ ನಗಲಿ.