ಸೊಪ್ಪಿನ ನಾರಾಯಣಮ್ಮನ ಆಕಾಶದ ಸುದ್ದಿ

ಮಡಿವಾಳದ ಕೆರೆಯ ಮೇಲೆ ಮಂಜು ಇನ್ನೂ ಕರಗಿಲ್ಲ. ಮೊಣಕಾಲುದ್ದ ನೀರಿನಲ್ಲಿ ನಿಂತು ನಾರಾಯಣಮ್ಮ ದಂಟಿನ ಸೊಪ್ಪಿನ ಬೇರು ತೊಳೆಯುತ್ತಿದ್ದಾರೆ. ಬೆಳ್ಳಿ ಚುಕ್ಕಿ ಮೇಲೊಂದು, ನೀರಿನಲ್ಲೊಂದು. ಕಂತೆ ಅದ್ದಿದರೆ ಕೆಳಗಿನದು ಚೂರಾಗುತ್ತದೆ, ಕೈ ತೆಗೆದರೆ ಮೆಲ್ಲಗೆ ಕೂಡಿಕೊಳ್ಳುತ್ತದೆ.

"ಅಲ್ಲಿಗೂ ಏನೋ ಕಳಿಸವ್ರೆ ಈ ವರ್ಸ. ದಾರೀಲೇ ಮಾತು ನಿಂತೋಯ್ತಂತೆ. ದೂರದ ನೆಂಟಸ್ತನ ಅಂದ್ರೆ ಹಂಗೇಯ," ಎಂದು ಮೇಲಿನ ಚುಕ್ಕಿ ತೋರಿಸಿ, ಪತ್ರಿಕೆಗೆ ಬರೆಯಲು ಬಂದ ನಮಗೆ ಹೇಳುತ್ತಾರೆ.

ನಲವತ್ತೆಂಟರ ಈಕೆಗೆ ಓದು ಬರದು. ಗಂಡ ತೀರಿಕೊಂಡು ಹದಿನೈದು ವರ್ಷ. ಕೆರೆ ಹಿಂದಿನ ಆರು ಗುಂಟೆ ತೋಟವನ್ನೇ ನಂಬಿ ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದ್ದಾರೆ. ದಿನಕ್ಕೆ ಎಂಬತ್ತು ಕಂತೆ, ಎಲ್ಲ ತಲೆಯ ಮೇಲೆ. ಜಯನಗರಕ್ಕೆ ಮೂರೂವರೆ ಮೈಲಿ, ಅಲ್ಲಿ ಮೂವತ್ತು ಮನೆ. ಮಳೆ ಬಂದರೆ ಹೊಸ ಬಡಾವಣೆಯ ರಸ್ತೆ ಪಾದವನ್ನೇ ನುಂಗುತ್ತದೆ. ಎರಡು ಸಲ ಬುಟ್ಟಿ ಸಮೇತ ಬಿದ್ದದ್ದೂ ಉಂಟು.

ಮೊದಲ ಮನೆ ನಿವೃತ್ತ ಉಪಾಧ್ಯಾಯಿನಿ ಸೀತಾಲಕ್ಷ್ಮಿಯವರದು. ಸೊಪ್ಪು ತೆಗೆದುಕೊಂಡು ಅವರು ಪತ್ರಿಕೆಯ ವಿಜ್ಞಾನದ ಸುದ್ದಿ ಓದಿ ಹೇಳುತ್ತಾರೆ. ಅಲ್ಲಿಂದ ಮುಂದಕ್ಕೆ ಸುದ್ದಿ ನಾರಾಯಣಮ್ಮನದು. ಚಂದ್ರನ ಹಿಂಬದಿಯ ಪಟ ತೆಗೆದರೆಂದು ತಿಳಿದ ದಿನ ಅವರ ಮಾತಿಗೆ ಬೀದಿಯೆಲ್ಲ ನಕ್ಕಿತ್ತು: "ಹೇಳ್ದೆ ಕೇಳ್ದೆ ಹಿಂದ್ಗಡೆಯಿಂದ ತೆಗುದ್ರಾ? ಪಾಪ, ಬೆನ್ನುಜ್ಜಿಕೊಳ್ಳೋಕೆ ಅವನಿಗೆ ಕೈ ಎಲ್ಲೈತೆ?" ಏಳು ಮೈಲಿ ಆಳದ ಕಡಲ ತಳಕ್ಕೆ ಇಬ್ಬರು ಇಳಿದು ಬಂದರೆಂದಾಗ, "ನಾನು ದಿನಾ ಜಯನಗರಕ್ಕೆ ಹೋಗಿಬರೋವಷ್ಟು. ಬುಟ್ಟಿ ಹೊತ್ತಿದ್ರಾ?" ಎಂದು ಕೇಳಿದ್ದರು.

ಆದರೆ ಅದಕ್ಕೂ ಮೊದಲು, ಸಾವಿರದ ಒಂಬೈನೂರ ಐವತ್ತೇಳರಲ್ಲಿ, ಅವರು ನಕ್ಕಿರಲಿಲ್ಲ. ನಾಯಿಯೊಂದನ್ನು ಆಕಾಶಕ್ಕೆ ಕಳಿಸಿದ ಸುದ್ದಿಯನ್ನು ಸೀತಾಲಕ್ಷ್ಮಿ ಸಂಭ್ರಮದಿಂದ ಓದಿದ್ದರು.

"ಯಾವಾಗ ಬತ್ತದೆ ಅಮ್ಮಾವ್ರೆ?"

"ಬರೋ ಏರ್ಪಾಡು ಮಾಡಿಲ್ವಂತೆ."

ನಾರಾಯಣಮ್ಮ ಬುಟ್ಟಿ ಎತ್ತಿಕೊಂಡರು. ಎರಡು ತಿಂಗಳು ಆ ಬಾಗಿಲಿಗೆ ಹೋಗಲಿಲ್ಲ. ಕೊನೆಗೆ ಸೀತಾಲಕ್ಷ್ಮಿಯವರೇ ಕೊಡೆ ಊರಿಕೊಂಡು ಮಡಿವಾಳದ ತೋಟಕ್ಕೆ ಬಂದರು. "ಅಷ್ಟು ಖುಷಿಯಾಗಿ ಓದಬಾರದಿತ್ತು ಕಣೆ," ಎಂದು ಬದುವಿನ ಮೇಲೆ ಕೂತರು. ನಾರಾಯಣಮ್ಮ ಎಳೆಯ ಮೂಲಂಗಿ ಕಿತ್ತು, ತೊಳೆದು ಅವರ ಕೈಗಿಟ್ಟರು. ಮರುದಿನ ಬಾಗಿಲಿಗೆ ಹೋದರು. ಅಂದಿನಿಂದ ಆಕಾಶದ ಸುದ್ದಿ ಯಾವುದಿದ್ದರೂ ಮೊದಲ ಪ್ರಶ್ನೆ ಒಂದೇ: "ಬರೋಕೆ ದಾರಿ ಮಡಗವ್ರಾ?"

ಕಳೆದ ವರ್ಷ, ಅಂದರೆ ಅರವತ್ತನೇ ಇಸವಿಯ ಆಗಸ್ಟಿನ ಒಂದು ಬೆಳಿಗ್ಗೆ ಅರವತ್ತೆರಡು ವಯಸ್ಸಿನ ಸೀತಾಲಕ್ಷ್ಮಿ ಪತ್ರಿಕೆ ಹಿಡಿದು ತಿರುವಿನವರೆಗೂ ಓಡಿಬಂದರು. "ಬಂದವು ಕಣೆ! ಎರಡು ನಾಯಿ ಹೋಗಿದ್ವು, ಎರಡೂ ಜೀವಂತ ಬಂದವು!"

ನಾರಾಯಣಮ್ಮ ಬುಟ್ಟಿ ಇಳಿಸಿ ಕಲ್ಲುಗುಂಡಿನ ಮೇಲೆ ಕೂತರು. ಎರಡು ಸಲ ಓದಿಸಿದರು. "ಇಳಿದ ತಕ್ಷಣ ನೀರು ಕೊಟ್ರಂತಾ?" ಪತ್ರಿಕೆಯಲ್ಲಿ ಅದು ಇರಲಿಲ್ಲ. "ಕೊಟ್ಟಿರ್ತಾರೆ," ಎಂದು ತಾವೇ ಉತ್ತರ ಹೇಳಿಕೊಂಡರು. ಅಂದು ಮೂವತ್ತು ಮನೆಗೂ ನೀರು ಕೊಟ್ಟರೆಂದೇ ಸುದ್ದಿ ಮುಟ್ಟಿತು.

ಈ ವರ್ಷ ಮನುಷ್ಯನೇ ಹೋಗಿ ಬಂದಿದ್ದಾನೆ. ಅದು ಅವರಿಗೆ ಅಂಥ ದೊಡ್ಡದಲ್ಲ: "ಅವನು ಒಪ್ಕೊಂಡು ಹೋದೋನು." ನಿಮಗೇನಾದರೂ ಆಸೆಯಿದೆಯೇ ಎಂದರೆ ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಾರೆ.

"ಬಂದ ನಾಯೀಲಿ ಒಂದು, ಆರು ಮರಿ ಹಾಕೈತಂತೆ. ಒಂದು ನಂಗೆ ಕೊಟ್ರೆ ಸಾಕ್ಕೋತೀನಿ ಸಾರ್. ಆಕಾಸ ನೋಡ್ಬಂದೋಳ ಮಗ. ಹಗ್ಗ ಹಾಕಕಿಲ್ಲ."