ಕಪ್ಪಿನ ಕೇಕಿಗೆ ನಾನು ಹಾಕಿದ್ದು

ಮೊದಲು ಅವಳ ಬಾಯಿ ಉರಿದದ್ದು ತಿಳಿಸಾರಿಗೆ.

ಒಂದು ತುತ್ತು ಬಾಯಿಗಿಟ್ಟವಳು ಕೆನ್ನೆ ಹಿಡಿದುಕೊಂಡಳು. "ಉರಿಯುತ್ತೆ ಕಣ್ರೀ" ಎಂದಳು. "ನೀನೇ ಮಾಡಿದ ಸಾರು ನಿನಗೇ ಖಾರ ಆಯ್ತಾ ಮಾರಾಯ್ತಿ?" ಎಂದು ನಾನು ನಕ್ಕೆ. ಆಗ ಭದ್ರಾವತಿಯಲ್ಲಿದ್ದೆವು. ನಾನು ಕಬ್ಬಿಣದ ಕಾರ್ಖಾನೆಯಿಂದ ನಿವೃತ್ತನಾಗಿದ್ದೆ. ನನ್ನ ಹೆಂಡತಿ ಗಿರಿಜಮ್ಮನಿಗೆ ಊಟವಾದ ಮೇಲೆ ಎಲೆಅಡಿಕೆ ಜೊತೆ ಒಂದು ಚೂರು ಹೊಗೆಸೊಪ್ಪು ಬೇಕಿತ್ತು. ಸುಣ್ಣ ಜಾಸ್ತಿಯಾಗಿ ಬಾಯಿ ಸುಟ್ಟಿದೆ ಎಂದುಕೊಂಡೆವು. ತುಪ್ಪ ಸವರಿಕೊಂಡೇ ಮಳೆಗಾಲ ಕಳೆದಳು.

ಬಯಾಪ್ಸಿ ಮಾಡಿಸಿದಾಗ ಕ್ಯಾನ್ಸರ್ ಎಂದರು.

ಮಣಿಪಾಲದಲ್ಲಿ ಆಪರೇಷನ್, ರೇಡಿಯೇಷನ್ ಮುಗಿಸಿಕೊಂಡು ಶಿವಮೊಗ್ಗಕ್ಕೆ, ಮಗಳು ಸುಮಾಳ ಮನೆಗೆ ಬಂದೆವು. ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಒಳಗೆಲ್ಲ ಹುಣ್ಣು. ಗಂಜಿ ಕೂಡ ಒಮ್ಮೊಮ್ಮೆ ಉರಿಯುತ್ತಿತ್ತು. ಮಗಳು, ಅಳಿಯ ಇಬ್ಬರೂ ಕೆಲಸಕ್ಕೆ ಹೋಗುವವರು. ಹಗಲು ನಾನೇ ನೋಡಿಕೊಳ್ಳಬೇಕು. ಅಲ್ಲಿಯವರೆಗೆ ಒಲೆ ಹಚ್ಚಿ ಕಾಫಿ ಕೂಡ ಮಾಡಿದವನಲ್ಲ ನಾನು.

ಸುಮಾಳ ಮನೆಯಲ್ಲಿ ಮೈಕ್ರೋವೇವ್ ಇತ್ತು. ಒಂದು ಕಪ್ಪಿನಲ್ಲಿ ಒಬ್ಬರಿಗಾಗುವಷ್ಟು ಕೇಕು ಮಾಡುವುದನ್ನು ಅವಳು ಆಫೀಸಿನ ಗೆಳತಿಯಿಂದ ಕಲಿತು ನನಗೆ ಹೇಳಿಕೊಟ್ಟಳು. ಪಿಂಗಾಣಿ ಕಪ್ಪಿನಲ್ಲಿ ಮೈದಾ, ಸಕ್ಕರೆ, ಹಾಲು, ಮೊಸರು, ಚೂರು ಎಣ್ಣೆ, ಚಿಟಿಕೆ ಸೋಡಾ. ಕಲಸಿ ಒಳಗಿಟ್ಟು ಗುಂಡಿ ಒತ್ತಿದರೆ ನೋಡನೋಡುತ್ತ ಬೇಯುತ್ತದೆ.

"ಸ್ಟೀಲ್ ಲೋಟ ಮಾತ್ರ ಇಡ್ಬೇಡಿ ಅಪ್ಪಾಜಿ, ಕಿಡಿ ಹಾರುತ್ತೆ."

"ಕುಲುಮೆ ಮುಂದೆ ಇಡೀ ಜೀವ ತೇಯ್ದವನಿಗೆ ಕಿಡಿ ತೋರಿಸ್ತೀಯಾ?" ಎಂದೆ. ಗಿರಿಜ ನಕ್ಕಳು. ನಕ್ಕರೆ ಕೆನ್ನೆಯ ಹೊಲಿಗೆ ಎಳೆಯುತ್ತಿತ್ತು. ಆದರೂ ನಕ್ಕಳು.

ಆ ಕೇಕು ಹಾಲಿನಲ್ಲಿ ನೆನೆದರೆ ನಾಲಿಗೆಯ ಮೇಲೆ ತಾನಾಗಿ ಜಾರುತ್ತಿತ್ತು. ಉರಿಯುತ್ತಿರಲಿಲ್ಲ. ಆದರೆ ತೂಕ ಇಳಿಯುತ್ತಲೇ ಹೋಯಿತು. ಶಿವಮೊಗ್ಗದ ಡಾಕ್ಟರು, "ಪ್ರೋಟೀನ್ ಸಾಲ್ತಿಲ್ಲ. ಮೊಟ್ಟೆ ಕೊಡ್ತೀರಾ?" ಎಂದರು.

"ನಾವು ಲಿಂಗಾಯತರು ಸರ್. ಅವಳು ಮುಟ್ಟೋದೂ ಇಲ್ಲ."

"ಹಾಗಾದ್ರೆ ಮೂಗಿಂದ ಟ್ಯೂಬ್ ಹಾಕ್ಬೇಕಾಗುತ್ತೆ. ಯೋಚನೆ ಮಾಡಿ."

ಟ್ಯೂಬ್ ಎಂದರೆ ಅವಳಿಗೆ ಸಾವಿಗಿಂತ ಹೆಚ್ಚಿನ ಭಯ. ಮಣಿಪಾಲದಲ್ಲಿ ಪಕ್ಕದ ಬೆಡ್ಡಿನವರಿಗೆ ಹಾಕಿದ್ದನ್ನು ನೋಡಿದ್ದಳು. ನನಗಾದರೋ ಮೊಟ್ಟೆ ಹೊಸದಲ್ಲ. ನೈಟ್ ಶಿಫ್ಟಿನಲ್ಲಿ ಕ್ಯಾಂಟೀನಿನ ಆಮ್ಲೆಟ್ ತಿಂದು, ಬಾಯಿ ಮುಕ್ಕಳಿಸಿ, ಏಲಕ್ಕಿ ಅಗಿದು ಮನೆಗೆ ಹೋದವನು ನಾನು. ನನ್ನಂಥವರು ಅಲ್ಲಿ ಬಹಳ ಮಂದಿ ಇದ್ದರು. ಹೊರಗೆ ಏನು ತಿಂದರೂ ಮನೆಯ ಅಡುಗೆಮನೆಗೆ ತರಬಾರದು, ಅಷ್ಟೇ ನಮ್ಮ ನಿಯಮ.

ಮರುದಿನ ನಾನು ಮೊಟ್ಟೆ ತಂದೆ.

ಬಚ್ಚಲಲ್ಲಿ ನಿಂತು ಒಡೆದೆ. ಚಿಪ್ಪನ್ನು ಪೇಪರಿನಲ್ಲಿ ಸುತ್ತಿ ಜೇಬಿಗಿಟ್ಟುಕೊಂಡೆ. ವಾಸನೆ ಮರೆಯಲು ಏಲಕ್ಕಿ ಪುಡಿ ಹಾಕಿದೆ. ಕೇಕು ಕಪ್ಪಿನ ಬಾಯಿಗಿಂತ ಮೇಲೆ ಉಬ್ಬಿ ಬಂತು. ತಂದು ಅವಳ ಮುಂದಿಟ್ಟೆ.

ಒಂದನ್ನು ಮರೆತಿದ್ದೆ. ಗಿರಿಜ ಏನು ತಿಂದರೂ ಮೊದಲು ಕೊರಳಿನ ಲಿಂಗಕ್ಕೆ ಅರ್ಪಿಸಿ, ಆಮೇಲೆ ಪ್ರಸಾದವೆಂದು ತಿನ್ನುವವಳು. ಎಡಗೈಯಲ್ಲಿ ಲಿಂಗ ಹಿಡಿದು, ಬಲಗೈಯಲ್ಲಿ ಕಪ್ಪನ್ನು ಅದರ ಮುಂದಕ್ಕೆ ಎತ್ತಿದಳು. ಕಣ್ಣು ಮುಚ್ಚಿದಳು.

ಆಗಲಾದರೂ ಹೇಳಬಹುದಿತ್ತು.

"ಇವತ್ತು ಚೆನ್ನಾಗಿ ಉಬ್ಬಿದೆಯಲ್ರೀ. ಬೇಕರಿಯವರ ಹಾಗೆ ಮೊಟ್ಟೆಗಿಟ್ಟೆ ಹಾಕಿಲ್ಲ ತಾನೆ?"

"ಇಲ್ಲ ಮಾರಾಯ್ತಿ. ಮೊಸರು ಹುಳಿ ಬಂದಿತ್ತು, ಅದಕ್ಕೆ."

ತಿಂದಳು. ಅಂದಿನಿಂದ ದಿನವೂ ತಿಂದಳು. ದಿನವೂ ಅದನ್ನೇ ಲಿಂಗಕ್ಕೆ ಅರ್ಪಿಸಿದಳು. ತೂಕ ಇಳಿಯುವುದು ನಿಂತಿತು, ಆಮೇಲೆ ಸ್ವಲ್ಪ ಏರಿತು. ಟ್ಯೂಬಿನ ಮಾತು ಡಾಕ್ಟರೂ ಬಿಟ್ಟರು. ಒಂದು ಸಂಜೆ ಸುಮಾ ತೊಳೆಯಲಿಟ್ಟ ಕಪ್ಪನ್ನು ಮೂಸಿ, ನನ್ನನ್ನು ಹಿತ್ತಲಿಗೆ ಕರೆದಳು. "ಅಮ್ಮಂಗೆ ಹೇಳಿ ಅಪ್ಪಾಜಿ. ಇಲ್ಲಾಂದ್ರೆ ನಿಲ್ಸಿ." ನಾನು ಎರಡೂ ಮಾಡಲಿಲ್ಲ. ಜೀವ ಉಳಿಯುತ್ತಿದೆಯಲ್ಲ ಎಂದು ಸಮಾಧಾನ ಹೇಳಿಕೊಂಡೆ. ಇನ್ನೊಬ್ಬರ ಹೊಟ್ಟೆಯ ವಿಷಯದಲ್ಲಿ, ಇನ್ನೊಬ್ಬರ ದೇವರ ವಿಷಯದಲ್ಲಿ ನಮ್ಮ ಸಮಾಧಾನ ಎಷ್ಟು ಬೇಗ ಸಿಗುತ್ತದೆ ಎಂಬುದು ಈಗ ತಿಳಿಯುತ್ತಿದೆ.

ಬೇಸಿಗೆಯಲ್ಲಿ ಕತ್ತಿನಲ್ಲಿ ಗಂಟು ಕಾಣಿಸಿಕೊಂಡಿತು.

ಮೊಟ್ಟೆಯಿಂದಲೇ ಹೀಗಾಯಿತೇ ಎಂದು ಡಾಕ್ಟರನ್ನು ಗುಟ್ಟಾಗಿ ಕೇಳಿದೆ. "ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಯಜಮಾನ್ರೇ" ಎಂದರು. ಫೈಲು ಮುಚ್ಚಿಟ್ಟು, "ಇನ್ನು ಅವರಿಗೆ ಇಷ್ಟವಾದ್ದು ಕೊಡಿ" ಎಂದರು. ಆ ಮಾತಿನ ಅರ್ಥ ಮನೆಗೆ ಬರುವಷ್ಟರಲ್ಲಿ ನನಗೆ ಆಗಿತ್ತು.

ಮರುದಿನ ಬೆಳಿಗ್ಗೆ ಅವಳು ಕಪ್ಪಿಗೆ ಕೈ ಚಾಚಿದಾಗ ನಾನು ಕೊಡಲಿಲ್ಲ. ಎಲ್ಲವನ್ನೂ ಹೇಳಿದೆ.

ಅವಳು ಅಳಲಿಲ್ಲ. ನೀರು ತರಿಸಿಕೊಂಡು ಲಿಂಗ ತೊಳೆದಳು. ವಿಭೂತಿ ಹಚ್ಚಿಕೊಂಡಳು. ಆಮೇಲೆ, "ಕೇಳಿದ್ರೆ ಬೇಡ ಅಂತಿದ್ದೆ" ಎಂದಳು.

"ಗೊತ್ತು. ಅದಕ್ಕೇ ಕೇಳ್ಲಿಲ್ಲ."

"ಬೇಡ ಅನ್ನೋಕಾದ್ರೂ ಬಿಡ್ಬೇಕಿತ್ತು ರೀ. ಈ ಕಾಯಿಲೇಲಿ ನನ್ನ ಕೈಲಿ ಉಳ್ದಿದ್ದು ಅದೊಂದೇ."

ನಾನು ಕಪ್ಪನ್ನು ಹಿತ್ತಲಿಗೆ ಒಯ್ದು ಸುರಿದು, ತೊಳೆದಿಟ್ಟೆ.

ಎರಡು ದಿನ ನನ್ನ ಕೈಯಿಂದ ಏನನ್ನೂ ತಿನ್ನಲಿಲ್ಲ. ಸುಮಾ ರಜೆ ಹಾಕಿ ಗಂಜಿ ಕುಡಿಸಿದಳು. ಮೂರನೆಯ ದಿನ ಗಿರಿಜ ತಾನೇ ಎದ್ದು, ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದು ಕುರ್ಚಿಯಲ್ಲಿ ಕೂತಳು. "ಮಾಡಿ. ನೋಡ್ತೀನಿ" ಎಂದಳು.

ಮೊಸರು ಹಾಕಿ ಮಾಡಿದೆ. ಪ್ರತಿಯೊಂದು ಡಬ್ಬಿಯನ್ನೂ ಅವಳ ಮುಂದೆ ಹಿಡಿದು ತೆರೆದೆ. ಕಳ್ಳನ ಕೈ ನೋಡುವ ಹಾಗೆ ನೋಡಿದಳು. ಕೇಕು ಉಬ್ಬಲಿಲ್ಲ, ತಳಕ್ಕೆ ಅಂಟಿಕೊಂಡಿತು. "ನಿಮ್ಮ ಹಾಗೇ ಮೊಂಡು" ಎಂದು ಎರಡು ಚಮಚ ತಿಂದಳು. ಆಮೇಲೆ ದಿನವೂ ಹೀಗೆಯೇ ನಡೆಯಿತು. ಅವಳು ಕುರ್ಚಿಯಲ್ಲಿ, ನಾನು ಕಪ್ಪಿನ ಮುಂದೆ. ತೂಕ ಮತ್ತೆ ಇಳಿಯಿತು. ಟ್ಯೂಬ್ ಬೇಡ ಎಂದಳು. ಈ ಸಲ ನಾವು ಕೇಳಿದ್ದೆವು, ಅವಳ ಮಾತಿನಂತೆ ಬಿಟ್ಟೆವು.

ಅವಳು ಹೋಗಿ ಇನ್ನೂ ಹೆಚ್ಚು ದಿನವಾಗಿಲ್ಲ. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ, ನಾನೂ ಬೇಡಲಿಲ್ಲ. ಆದರೆ ಕೊನೆಯ ವಾರದಲ್ಲಿ ಒಂದು ದಿನ, ನಾನು ಮೈದಾ ಡಬ್ಬಿ ತೆರೆದು ತೋರಿಸಲು ತಿರುಗಿದರೆ, ಅವಳು ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದಳು. ಆಯಾಸವೋ, ಇನ್ನು ನೋಡುವುದು ಬೇಡ ಎನಿಸಿತ್ತೋ, ತಿಳಿಯದು. ಸದ್ದಾಗದಂತೆ ಕಲಸಿದೆ. ಬೆಂದದ್ದು ಆರುವವರೆಗೆ ಕಾದು ಎಬ್ಬಿಸಿದೆ.

ಏನು ಹಾಕಿದ್ದೀರಿ ಎಂದು ಕೇಳದೆ ಬಾಯಿ ತೆರೆದಳು.